ಮೊಣಕೈಯ ಮೇಲೆ ನಿಂತ ತಂಡ

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಚೆಂಡು ಎಸೆಯುವ ಆಟಗಾರನಿಗೆ, ಎಂದರೆ ಪಿಚರ್‌ಗೆ, ಇರುವ ಹೊಣೆ ಕ್ರಿಕೆಟ್ಟಿನ ಬೌಲರ್‌ಗೆ ಇರುವುದಕ್ಕಿಂತ ಹೆಚ್ಚಿನದು. ಕ್ರಿಕೆಟ್ಟಿನಲ್ಲಿ ಓವರು ಮುಗಿದ ಕೂಡಲೇ ಇನ್ನೊಬ್ಬ ಬೌಲರ್ ಬರುತ್ತಾನೆ. ಎಸೆಯುವಾಗ ಮೊಣಕೈಯನ್ನು ಮಡಿಚಿ ಬಿಡಿಸಬಾರದೆಂಬ ನಿಯಮವೂ ಇರುವುದರಿಂದ ಆಯಾಸದ ಬಹುಪಾಲು ಬೆನ್ನು, ಮಂಡಿಗಳ ಮೇಲೆ ಬೀಳುತ್ತದೆ. ಬೇಸ್‌ಬಾಲಿನಲ್ಲಾದರೋ ಒಬ್ಬನೇ ಪಿಚರ್ ಒಂಬತ್ತು ಇನ್ನಿಂಗ್ಸ್‌ಗಳನ್ನೂ ಎಸೆದು ಮುಗಿಸುವುದು ಬಹುಕಾಲ ರೂಢಿಯಾಗಿತ್ತು, ಮತ್ತು ಮೊಣಕೈಯನ್ನು ಮಡಿಚಿ ಹಿಂದಕ್ಕೆಳೆದು ಚಾಟಿಯಂತೆ ಬೀಸುವ ಆ ಎಸೆತದ ಸೆಳೆತವನ್ನು ಮೊಣಕೈಯ ಒಳಬದಿಯ ಅಸ್ಥಿಬಂಧ, ಅಂದರೆ ತೋಳಿನ ಎಲುಬುಗಳನ್ನು ಕೀಲಿನಲ್ಲಿ ಬಿಗಿದಿಡುವ ನಾರಿನ ಪಟ್ಟಿ, ಬಹುಮಟ್ಟಿಗೆ ತಾಳಿಕೊಳ್ಳಬೇಕಾಗುತ್ತದೆ. ಆದ್ದರಿಂದಲೇ ಈ ಆಟದ ಇತಿಹಾಸದಲ್ಲಿ ಒಬ್ಬ ಮನುಷ್ಯನ ತೋಳು ಸೋತದ್ದಕ್ಕೂ ಒಂದು ತಂಡದ ಭಾಗ್ಯ ಇಳಿದದ್ದಕ್ಕೂ ನಂಟು ಮತ್ತೆ ಮತ್ತೆ ಕಾಣಿಸುತ್ತದೆ.

ಈ ನಂಟಿನ ಹಳೆಯ ನಿದರ್ಶನವೊಂದು ಪ್ರಾವಿಡೆನ್ಸ್ ನಗರದ ಗ್ರೇಸ್ ತಂಡದ್ದು. 1884ರ ಜುಲೈಯಲ್ಲಿ ಆ ತಂಡದ ಇನ್ನೊಬ್ಬ ಮುಖ್ಯ ಪಿಚರ್ ಹೊರನಡೆದ ಮೇಲೆ ಚಾರ್ಲ್ಸ್ ರಾಡ್‌ಬರ್ನ್ ಉಳಿದ ಋತುವನ್ನು ಹೆಚ್ಚುಕಡಿಮೆ ಒಬ್ಬನೇ ಹೊತ್ತು, ಒಟ್ಟು 678 ಇನ್ನಿಂಗ್ಸ್ ಎಸೆದು, ಲೆಕ್ಕ ಹಿಡಿಯುವ ರೀತಿಗೆ ತಕ್ಕಂತೆ 59 ಅಥವಾ 60 ಪಂದ್ಯಗಳನ್ನು ಗೆದ್ದುಕೊಟ್ಟನು. ಬೆಳಗ್ಗೆ ತಲೆ ಬಾಚಿಕೊಳ್ಳಲೂ ಅವನ ಕೈ ಮೇಲೇಳುತ್ತಿರಲಿಲ್ಲ ಎಂಬ ಮಾತು ಅಂದಿನಿಂದ ಉಳಿದುಬಂದಿದೆ. ತಂಡ ನ್ಯಾಷನಲ್ ಲೀಗಿನ ಪ್ರಶಸ್ತಿ ಗೆದ್ದಿತು. ಮರುವರ್ಷ ನಾಲ್ಕನೆಯ ಸ್ಥಾನಕ್ಕೆ ಕುಸಿದು, 1885ರ ಋತು ಮುಗಿಯುತ್ತಲೇ ವಿಸರ್ಜನೆಯಾಯಿತು. ಪ್ರಾವಿಡೆನ್ಸ್‌ಗೆ ಮೇಜರ್ ಲೀಗಿನ ತಂಡ ಮತ್ತೆಂದೂ ಬರಲಿಲ್ಲ.

ಎಂಬತ್ತು ವರ್ಷಗಳ ಅನಂತರ ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡದಲ್ಲಿ ನಡೆದದ್ದು ಇದಕ್ಕಿಂತ ಸೂಕ್ಷ್ಮವಾದುದು, ಏಕೆಂದರೆ ಅಲ್ಲಿ ಪಿಚರನ ಇಳಿಗಾಲ ಅಂಕಿ ಅಂಶಗಳಲ್ಲಿ ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ. ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಎಡಗೈ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್ 1955ರಲ್ಲಿ ತಂಡಕ್ಕೆ ಸೇರಿದಾಗ ವೇಗವಿದ್ದೂ ಹಿಡಿತವಿಲ್ಲದ ಹುಡುಗ; ಹಿಡಿತ ಕೈಗೂಡಿದ್ದು 1961ರ ಸುಮಾರಿಗೆ. 1964ರ ಆಗಸ್ಟಿನಲ್ಲಿ ಎರಡನೆಯ ಬೇಸಿಗೆ, ಎಂದರೆ ಓಟಗಾರ ಮುಟ್ಟಿ ನಿಲ್ಲಬೇಕಾದ ಕಟ್ಟೆಗೆ, ಹಿಂದಿರುಗಿ ಜಿಗಿಯುವಾಗ ಅವನ ಎಡ ಮೊಣಕೈ ನೆಲಕ್ಕೆ ಬಡಿಯಿತು. ಕೆಲವೇ ದಿನಗಳಲ್ಲಿ ಕೈ ನೆಟ್ಟಗಾಗದಷ್ಟು ಊದಿಕೊಂಡಿತು. ತಂಡದ ವೈದ್ಯ ರಾಬರ್ಟ್ ಕೆರ್ಲನ್ ಪರೀಕ್ಷಿಸಿ, ಇದು ಪೆಟ್ಟು ಮತ್ತು ಸವೆತದಿಂದ ಕೀಲಿನಲ್ಲಿ ಉಂಟಾಗುವ ಸಂಧಿವಾತವೆಂದೂ ವಾಸಿಯಾಗುವಂಥದ್ದಲ್ಲವೆಂದೂ ಹೇಳಿದರು. 1965ರ ವಸಂತದ ತರಬೇತಿಯಲ್ಲಿ ಒಂದು ಪೂರ್ಣ ಪಂದ್ಯ ಎಸೆದ ಮರುದಿನ ಬೆಳಗ್ಗೆ ಎದ್ದಾಗ ಒಳಗೊಳಗೇ ರಕ್ತ ಸೋರಿ ತೋಳಿಡೀ ಕಪ್ಪುಗಟ್ಟಿತ್ತು.

ಆ ಮೇಲಿನ ಎರಡು ಋತುಗಳನ್ನು ಕೋಫ್ಯಾಕ್ಸ್ ಆಡಿದ ಬಗೆ ಬೆರಗು ಹುಟ್ಟಿಸುವಂಥದ್ದು. ಪಂದ್ಯಕ್ಕೆ ಮುನ್ನ ಮೆಣಸಿನಕಾಯಿಯ ಸಾರದಿಂದ ಮಾಡಿದ, ಮೈ ಉರಿಯೇಳಿಸುವ ಮುಲಾಮು. ಊತ ಇಳಿಸಲು ಪಂದ್ಯದ ಕುದುರೆಗಳಿಗೂ ಕೊಡುತ್ತಿದ್ದ ಫಿನೈಲ್‌ಬ್ಯುಟಾಜೋನ್ ಮಾತ್ರೆ. ಆಗಾಗ ಕೀಲಿಗೆ ಕಾರ್ಟಿಸೋನ್ ಚುಚ್ಚುಮದ್ದು. ಪಂದ್ಯದ ತರುವಾಯ ಮಂಜುಗಡ್ಡೆಯ ನೀರಿನಲ್ಲಿ ಮೊಣಕೈ. ತೋಳು ಡೊಂಕಾಗಿ ಗಿಡ್ಡವಾದದ್ದರಿಂದ ಕೋಟಿನ ಎಡತೋಳನ್ನು ದರ್ಜಿಯಿಂದ ಮೋಟು ಮಾಡಿಸಿಕೊಳ್ಳಬೇಕಾಯಿತು. ಇಷ್ಟಾಗಿಯೂ ಆ ಎರಡು ವರ್ಷಗಳಲ್ಲಿ ಅವನು ತಲಾ 41 ಪಂದ್ಯಗಳನ್ನು ಆರಂಭಿಸಿ, ತಲಾ 27ನ್ನು ಕೊನೆಯವರೆಗೂ ತಾನೇ ಎಸೆದು, 26 ಮತ್ತು 27 ಗೆಲುವುಗಳನ್ನು ಪಡೆದನು. 1966ರಲ್ಲಿ ಅವನ ಸರಾಸರಿ, ಅಂದರೆ ಕ್ಷೇತ್ರರಕ್ಷಕರ ತಪ್ಪಿನಿಂದ ಬಂದವನ್ನು ಬಿಟ್ಟು ಒಂಬತ್ತು ಇನ್ನಿಂಗ್ಸ್‌ಗೆ ಅವನು ಬಿಟ್ಟುಕೊಟ್ಟ ರನ್, ಕೇವಲ 1.73. ವೈದ್ಯರ ಕಡತದಲ್ಲಿ ತೋಳು ಹಾಳಾಗುತ್ತಿದ್ದಾಗ ಅಂಕಪಟ್ಟಿಯಲ್ಲಿ ಅದು ಏರುತ್ತಲೇ ಇತ್ತು.

ಅವನಿಗೆ ವಿಶ್ರಾಂತಿ ಸಿಗದಿದ್ದುದೇಕೆ ಎಂಬುದಕ್ಕೆ ಉತ್ತರ ತಂಡದ ಬ್ಯಾಟಿಂಗಿನಲ್ಲಿದೆ. ನಾಲ್ವರು ಪಿಚರುಗಳು ಮೂರು ದಿನ ಬಿಟ್ಟು ಮತ್ತೆ ಎಸೆಯುವುದು ಅಂದಿನ ಸಾಮಾನ್ಯ ಪದ್ಧತಿ. ಡಾಡ್ಜರ್ಸ್‌ಗೆ ಅದಕ್ಕಿಂತ ಉದಾರವಾಗಿರಲು ಶಕ್ತಿಯಿರಲಿಲ್ಲ. 1965ರಲ್ಲಿ ಈ ತಂಡ ಬಾರಿಸಿದ ಹೋಮ್ ರನ್‌ಗಳು, ಎಂದರೆ ಮೈದಾನದಾಚೆಗೆ ಹೋದ ಹೊಡೆತಗಳು, 78 ಮಾತ್ರ. ಮೇಜರ್ ಲೀಗುಗಳ ಎಲ್ಲ ತಂಡಗಳಲ್ಲಿ ಅದೇ ಕನಿಷ್ಠ. ಆ ವರ್ಷದ ಸೆಪ್ಟೆಂಬರ್ 9ರಂದು ಶಿಕಾಗೊ ಕಬ್ಸ್ ವಿರುದ್ಧ ಕೋಫ್ಯಾಕ್ಸ್ ‘ಪರ್ಫೆಕ್ಟ್ ಗೇಮ್’ ಎಸೆದನು. ಎದುರಾಳಿಯ 27 ಬ್ಯಾಟುಗಾರರಲ್ಲಿ ಒಬ್ಬನೂ ಮೊದಲ ಬೇಸನ್ನು ಮುಟ್ಟದೆ ಔಟಾಗುವ ಅಪರೂಪದ ಸಾಧನೆ ಅದು. ಆ ರಾತ್ರಿ ಡಾಡ್ಜರ್ಸ್‌ಗೆ ದೊರೆತ ಹಿಟ್ ಒಂದೇ, ಅದರಿಂದಲೂ ರನ್ ಬರಲಿಲ್ಲ. ಬ್ಯಾಟುಗಾರ ಲೂ ಜಾನ್ಸನ್ ಗುರಿ ತಪ್ಪಿದ ನಾಲ್ಕು ಎಸೆತಗಳಿಂದಾಗಿ ಮೊದಲ ಬೇಸಿಗೆ ನಡೆದು, ಜೊತೆಗಾರನೊಬ್ಬ ಮೆಲ್ಲನೆ ತಟ್ಟಿ ಔಟಾದಾಗ ಎರಡನೆಯದಕ್ಕೆ ಸರಿದು, ಮೂರನೆಯದನ್ನು ಕದ್ದೋಡುವಾಗ ಕ್ಯಾಚರನ ಎಸೆತ ಎಲ್ಲಿಗೋ ಹೋದದ್ದರಿಂದ ಕೊನೆಯ ಬೇಸನ್ನೂ ಮುಟ್ಟಿ ರನ್ ಗಳಿಸಿದನು. ಫಲಿತಾಂಶ 1–0. ಜನ ಇಂಥ ಗೆಲುವುಗಳನ್ನು ಜಾಣತನವೆಂದು ಹೊಗಳಿದರು. ಅದು ಬಡತನವೂ ಆಗಿತ್ತೆಂಬುದನ್ನು ಪಿಚರನ ತೋಳು ಮರೆಮಾಚಿತ್ತು.

ಆ ಮರೆ ಸರಿದದ್ದು 1966ರ ವರ್ಲ್ಡ್ ಸೀರೀಸಿನಲ್ಲಿ, ಎಂದರೆ ಎರಡು ಮೇಜರ್ ಲೀಗುಗಳ ವಿಜೇತರ ನಡುವಣ ಸರಣಿಯಲ್ಲಿ. ಲೀಗ್ ಪ್ರಶಸ್ತಿಗಾಗಿ ಋತುವಿನ ಕೊನೆಯ ದಿನದಂದು ಎರಡೇ ದಿನಗಳ ವಿಶ್ರಾಂತಿಯಲ್ಲಿ ಎಸೆದು ಗೆದ್ದ ಕೋಫ್ಯಾಕ್ಸ್, ಬಾಲ್ಟಿಮೋರ್ ಓರಿಯೋಲ್ಸ್ ವಿರುದ್ಧದ ಎರಡನೆಯ ಪಂದ್ಯದಲ್ಲಿ ಸೋತನು. ಒಂದೇ ಇನ್ನಿಂಗ್ಸ್‌ನಲ್ಲಿ ಮಧ್ಯಮೈದಾನದ ವಿಲ್ಲಿ ಡೇವಿಸ್ ಮೂರು ತಪ್ಪು ಮಾಡಿದ್ದನು. ನಾಲ್ಕೂ ಪಂದ್ಯಗಳಲ್ಲಿ ಸೇರಿ ಡಾಡ್ಜರ್ಸ್ ಗಳಿಸಿದ್ದು ಎರಡು ರನ್, ಅವೆರಡೂ ಮೊದಲ ಪಂದ್ಯದಲ್ಲಿ. ಅಲ್ಲಿಂದಾಚೆ ಸತತ 33 ಇನ್ನಿಂಗ್ಸ್ ಬರಿದೇ ಹೋದವು. ನವೆಂಬರ್ 18ರಂದು, ಮೂವತ್ತರ ಹರೆಯದಲ್ಲಿ, ಜೀವಮಾನವಿಡೀ ತನಗೆ ಈ ಕೈ ಬೇಕೆಂಬ ಕಾರಣ ಕೊಟ್ಟು ಕೋಫ್ಯಾಕ್ಸ್ ನಿವೃತ್ತನಾದನು. ಅದೇ ಚಳಿಗಾಲದಲ್ಲಿ ಆಡಳಿತ ಮಂಡಳಿ ತಂಡದ ಪ್ರಮುಖ ಆಟಗಾರರಾದ ಮಾರಿ ವಿಲ್ಸ್ ಮತ್ತು ಟಾಮಿ ಡೇವಿಸ್‌ರನ್ನು ಬೇರೆ ತಂಡಗಳಿಗೆ ಬಿಟ್ಟುಕೊಟ್ಟಿತು. ಹಾಗಾಗಿ 1967ರಲ್ಲಿ ಹತ್ತು ತಂಡಗಳ ಲೀಗಿನಲ್ಲಿ ಡಾಡ್ಜರ್ಸ್ ಎಂಟನೆಯ ಸ್ಥಾನಕ್ಕೆ ಇಳಿದು 89 ಪಂದ್ಯಗಳನ್ನು ಸೋತದ್ದಕ್ಕೆ ಒಬ್ಬನ ನಿರ್ಗಮನವೊಂದೇ ಕಾರಣವೆನ್ನುವುದು ಅರ್ಧಸತ್ಯ. ಜೊತೆಗಾರ ಪಿಚರ್ ಡಾನ್ ಡ್ರೈಸ್‌ಡೇಲ್ ಕೂಡ ಭುಜದ ನೋವಿನಿಂದ 1969ರಲ್ಲಿ ಆಟ ಬಿಟ್ಟನು.

ಸೋತ ತೋಳನ್ನು ಮತ್ತೆ ಕಟ್ಟುವ ದಾರಿಯೊಂದು ಕಾಣಿಸಿದ್ದು ಆಮೇಲೆ. ಕೆರ್ಲನ್‌ರ ಸಹವೈದ್ಯ ಫ್ರಾಂಕ್ ಜೋಬ್ 1974ರ ಸೆಪ್ಟೆಂಬರ್ 25ರಂದು ಇದೇ ತಂಡದ ಪಿಚರ್ ಟಾಮಿ ಜಾನ್‌ನ ಹರಿದ ಅಸ್ಥಿಬಂಧದ ಜಾಗದಲ್ಲಿ ಅವನದೇ ಇನ್ನೊಂದು ಮುಂಗೈಯ ಸ್ನಾಯುರಜ್ಜುವನ್ನು ಕಸಿಮಾಡಿದರು. ಕೆಲವು ದಿನಗಳಲ್ಲಿ ಡಾಡ್ಜರ್ಸ್ ಎಂಟು ವರ್ಷಗಳ ಬಳಿಕ ಮತ್ತೆ ವರ್ಲ್ಡ್ ಸೀರೀಸ್ ಆಡಿ, ಜಾನ್ ಇಲ್ಲದೆ, ಓಕ್‌ಲಂಡ್ ತಂಡಕ್ಕೆ ಸೋತಿತು. ಜಾನ್ 1976ರಲ್ಲಿ ಮೈದಾನಕ್ಕೆ ಮರಳಿ, 1989ರವರೆಗೆ ಆಡಿ, ಆ ಶಸ್ತ್ರಚಿಕಿತ್ಸೆಯ ನಂತರವೇ 164 ಪಂದ್ಯಗಳನ್ನು ಗೆದ್ದನು.