ಚೆಲ್ಲಿದ ಹಾಲು, ಕೂಡಿಟ್ಟ ಹಾಲು

ಹಸು ಕರು ಹಾಕಿದ ಮೇಲಿನ ಮೊದಲ ಹಾಲನ್ನು ನಾವು ಗಿಣ್ಣು ಎನ್ನುತ್ತೇವೆ. ಹೈದರಾಬಾದಿನಲ್ಲಿರುವವರು ಅದನ್ನೇ ಜುನ್ನು ಎಂದೂ, ಚೆನ್ನೈಯವರು ಸೀಂಬಾಲ್ ಎಂದೂ, ದೆಹಲಿಯ ಕಡೆಯವರು ಖೀಸ್ ಎಂದೂ ಕೇಳಿರುತ್ತೀರಿ. ಮುಂಬಯಿ, ಪುಣೆಯಲ್ಲಿ ಆ ಹಾಲಿಗೆ ಚೀಕ್ ಎಂದು ಹೆಸರು, ಅದರಿಂದ ಮಾಡಿದ ಸಿಹಿಗೆ ಖರ್ವಸ್ ಎಂದು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಸಾಕು, ಹೆಪ್ಪು ಹಾಕದೆಯೇ ಹಾಲು ತಾನಾಗಿ ಗಟ್ಟಿಯಾಗುತ್ತದೆ. ಕರುವನ್ನು ರೋಗದಿಂದ ಕಾಪಾಡುವ ಪ್ರೊಟೀನುಗಳು ಅದರಲ್ಲಿ ಅಷ್ಟು ದಟ್ಟವಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಸಂಸ್ಕೃತದಲ್ಲಿ ಈ ಹೊಸ ಹಾಲು ಪೇಯೂಷ ಅಥವಾ ಪೀಯೂಷ. ಅಮರಕೋಶದಲ್ಲಿ ಅಮೃತಕ್ಕೂ ಪೀಯೂಷವೆಂಬ ಹೆಸರಿದೆ.

ಹಸುವಿನ ಮೊದಲ ಹಾಲಿಗೆ ಭಾಷೆಗೊಂದು ಹೆಸರು, ಮೇಲೆ ಅಮೃತದ ಪದವಿ. ಹಾಗಾದರೆ ಹೆತ್ತ ಹೆಂಗಸಿನ ಮೊದಲ ಹಾಲಿಗೆ? ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಏಳು ಮಕ್ಕಳನ್ನು ಹೆತ್ತ ನಮ್ಮ ಅಜ್ಜಿ ‘ಮೂರು ದಿನ ಹಾಲೇ ಬರೂದಿಲ್ಲ’ ಎನ್ನುತ್ತಿದ್ದರು. ಹಾಗಾದರೆ ಆ ಮೂರು ದಿನ ಬರುವ ಹಳದಿ ಬಣ್ಣದ, ಅಂಟಂಟಾದ ಹನಿಗಳು ಏನು ಎಂದು ಕೇಳಿದರೆ, ‘ಅದು ಹಾಲಲ್ಲ, ಹಿಂಡಿ ಚೆಲ್ಲೂದು’ ಎಂದು ಅಷ್ಟೇ ಸಹಜವಾಗಿ ಹೇಳುತ್ತಿದ್ದರು. ಕೂಸಿಗೆ ಜೇನುತುಪ್ಪ, ಸಕ್ಕರೆ ನೀರು, ಸಿಕ್ಕರೆ ಒಂದು ಒಳಲೆ ಕತ್ತೆ ಹಾಲು.

ಈ ಚೆಲ್ಲುವ ಪದ್ಧತಿಯ ಮೂಲ ಹುಡುಕುತ್ತ ಹೋದಾಗ ನನಗೆ ಒಂದು ವಿಷಯ ಹೊಳೆಯಿತು. ಮೊದಲ ಹಾಲನ್ನು ಹಿಂಡುವುದು ಹೊಸದಲ್ಲ. ಸೂಲಗಿತ್ತಿಯರು, ಅಜ್ಜಿಯರು, ನರ್ಸುಗಳು, ಎಲ್ಲರೂ ಎಲ್ಲ ಕಾಲದಲ್ಲೂ ಹಿಂಡಿಸಿದ್ದಾರೆ. ಬದಲಾದದ್ದು ಹನಿ ಬೀಳುವ ಜಾಗ ಮಾತ್ರ. ಸಾವಿರಾರು ವರ್ಷ ಅದು ನೆಲಕ್ಕೋ ಬಟ್ಟೆಗೋ ಬಿತ್ತು. ಈಗ ಚಮಚಕ್ಕೆ, ಸಿರಿಂಜಿಗೆ ಬೀಳುತ್ತಿದೆ. ನೆಲದಿಂದ ಚಮಚದವರೆಗಿನ ಆ ದಾರಿಯೇ ಈ ಲೇಖನದ ವಿಷಯ.

ನಮ್ಮ ಹಳೆಯ ವೈದ್ಯಗ್ರಂಥಗಳಿಂದ ಶುರು ಮಾಡೋಣ. ಸುಶ್ರುತ ಸಂಹಿತೆಯ ಶಾರೀರಸ್ಥಾನದ 10ನೇ ಅಧ್ಯಾಯ ಹೆರಿಗೆ, ಬಾಣಂತನದ ಕುರಿತದ್ದು. ಹೆತ್ತ ಮೂರು ಅಥವಾ ನಾಲ್ಕು ರಾತ್ರಿಗಳ ನಂತರ ಎದೆಹಾಲು ಹರಿಯತೊಡಗುತ್ತದೆ, ಅಲ್ಲಿಯವರೆಗೆ ಮಗುವಿಗೆ ಮಂತ್ರಿಸಿದ ಜೇನು, ತುಪ್ಪ, ಮೂಲಿಕೆ ಹಾಕಿ ಕಾಯಿಸಿದ ತುಪ್ಪ ಕೊಡಬೇಕು ಎನ್ನುತ್ತದೆ ಅದು. ನಮ್ಮ ಅಜ್ಜಿಯ ಮಾತೂ ಇದೇ. ಅವರು ಸುಶ್ರುತನನ್ನು ಓದಿದವರಲ್ಲ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳಿದರು, ಮತ್ತು ಕಂಡದ್ದು ಸುಳ್ಳಲ್ಲ. ಗರ್ಭಿಣಿಯ ಎದೆಯಲ್ಲಿ ಮೊದಲ ಹಾಲು ಐದನೇ ತಿಂಗಳ ಹೊತ್ತಿಗೇ ತಯಾರಾಗಿರುತ್ತದೆ. ಆದರೆ ಪ್ರೊಜೆಸ್ಟೆರಾನ್ ಹಾರ್ಮೋನು ಅದನ್ನು ತಡೆದಿಟ್ಟಿರುತ್ತದೆ. ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ಆ ಹಾರ್ಮೋನು ಇಳಿಯುತ್ತದೆ, ಎದೆ ತುಂಬಿ ಹಾಲು ಬರುವುದು ಎರಡನೇ, ಮೂರನೇ ದಿನದ ಹೊತ್ತಿಗೆ. ಅದಕ್ಕೂ ಮೊದಲು ಬರುವುದು ದಿನಕ್ಕೆ ಕೆಲವು ಚಮಚ. ತುಂಬಿ ಬಂದದ್ದನ್ನೇ ಹಾಲು ಎಂದುಕೊಂಡವರಿಗೆ ಹನಿ ಹನಿಯಾಗಿ ಬಂದದ್ದು ಲೆಕ್ಕಕ್ಕೇ ಬರಲಿಲ್ಲ.

ಆದರೆ ನಮ್ಮ ಪರಂಪರೆಯಲ್ಲಿ ಇದೊಂದೇ ದನಿ ಇತ್ತು ಎಂದುಕೊಂಡರೆ ತಪ್ಪಾಗುತ್ತದೆ. ಚರಕ ಸಂಹಿತೆಯ ಶಾರೀರಸ್ಥಾನದ 8ನೇ ಅಧ್ಯಾಯದಲ್ಲಿ ಜಾತಕರ್ಮದ ವಿಧಿ ಬರುತ್ತದೆ. ಮಂತ್ರಿಸಿದ ಜೇನು, ತುಪ್ಪ ನೆಕ್ಕಿಸಿ, ಅದಾದ ಮೇಲೆ ಮೊದಲು ಬಲ ಮೊಲೆಯನ್ನು ಮಗುವಿನ ಬಾಯಿಗೆ ಕೊಡಬೇಕು ಎಂದಿದೆ. ಮೂರು ರಾತ್ರಿ ಕಾಯುವ ಮಾತು ಅಲ್ಲಿಲ್ಲ. ‘ನಮ್ಮ ಹಿರಿಯರು ಹೇಳಿದ್ದು’ ಎಂದು ಮೊದಲ ಹಾಲನ್ನು ಚೆಲ್ಲಿಸುವವರಿಗೆ, ಹಿರಿಯರು ಎರಡು ಮಾತು ಹೇಳಿದ್ದಾರೆ ಎಂದು ನೆನಪಿಸಬಹುದು. ನಾವು ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಮರೆತೆವು, ಅಷ್ಟೇ.

ಇದು ಭಾರತದ ಕಥೆ ಮಾತ್ರವೂ ಅಲ್ಲ. ಕ್ರಿ.ಶ. 2ನೇ ಶತಮಾನದಲ್ಲಿ ರೋಮಿನಲ್ಲಿ ವೈದ್ಯನಾಗಿದ್ದ ಎಫೆಸಸ್‌ನ ಸೊರಾನಸ್ ಹೆಂಗಸರ ರೋಗ, ಹೆರಿಗೆಗಳ ಬಗ್ಗೆ ದೊಡ್ಡ ಗ್ರಂಥ ಬರೆದ. ಹೆತ್ತವಳ ಮೊದಲ ಹಾಲು ದಪ್ಪ, ಚೀಸಿನಂತೆ, ಕೂಸಿಗೆ ಜೀರ್ಣವಾಗದು. ಇಪ್ಪತ್ತು ದಿನದವರೆಗೆ ತಾಯಿಯ ಹಾಲು ಬೇಡ, ಮೊದಲು ಜೇನು, ಆಮೇಲೆ ದಾಯಿಯ ಹಾಲು ಎನ್ನುವುದು ಅವನ ಸಲಹೆ. ಹುಟ್ಟಿದ ಕೂಡಲೇ ತಾಯಿಯ ಹಾಲೇ ಕೊಡಿ ಎಂದ ಡಮಾಸ್ಟಿಸ್ ಎಂಬವನನ್ನು ಅವನು ಟೀಕಿಸುತ್ತಾನೆ. ಸರಿಯಾದದ್ದನ್ನು ಹೇಳಿದವನ ಹೆಸರು ಹೀಗೆ ಅವನನ್ನು ತಪ್ಪೆಂದವನ ಪುಸ್ತಕದಲ್ಲಿ ಉಳಿದುಕೊಂಡಿತು. ಸೊರಾನಸ್‌ನ ಮಾತು ಯುರೋಪಿನಲ್ಲಿ ಹದಿನೈದು ಶತಮಾನಕ್ಕೂ ಹೆಚ್ಚು ಕಾಲ ಓಡಿತು. ಉಳ್ಳವರ ಮನೆಗಳಲ್ಲಿ ಮಗು ದಾಯಿಯ ಮಡಿಲಿಗೆ ಹೋದರೆ, ಹೆತ್ತವಳ ಎದೆಯ ಬಿಗಿ ಇಳಿಸಲು ಬೇರೆ ಹೆಂಗಸರಿಂದ, ಕೆಲವೊಮ್ಮೆ ನಾಯಿಮರಿಗಳಿಂದ ಹಾಲು ಎಳೆಸುತ್ತಿದ್ದರು.

ಇಂಗ್ಲೆಂಡಿನಲ್ಲಿ ಗಾಳಿ ತಿರುಗಿದ್ದು 18ನೇ ಶತಮಾನದಲ್ಲಿ. 1748ರಲ್ಲಿ ವಿಲಿಯಂ ಕ್ಯಾಡೊಗನ್ ಎಂಬ ವೈದ್ಯ ಮಕ್ಕಳ ಆರೈಕೆಯ ಬಗ್ಗೆ ಒಂದು ಕಿರುಹೊತ್ತಿಗೆ ಬರೆದ. ಅನಾಥ ಶಿಶುಗಳನ್ನು ಸಾಕುತ್ತಿದ್ದ ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯ ಆಡಳಿತಗಾರರೊಬ್ಬರಿಗೆ ಬರೆದ ಪತ್ರದ ರೂಪದಲ್ಲಿತ್ತು ಅದು. ಮೊದಲ ಹಾಲು ಮಗುವಿನ ಹೊಟ್ಟೆಯನ್ನು ತೊಳೆಯುತ್ತದೆ, ಅದಕ್ಕಾಗಿ ಔಷಧಿ ಕುಡಿಸುವ ಅಗತ್ಯವಿಲ್ಲ ಎಂದ ಅವನು. 1773ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ವೈಟ್ ಬಾಣಂತಿಯರ ಆರೈಕೆಯ ಗ್ರಂಥದಲ್ಲಿ ಮಗುವನ್ನು ಬೇಗ ಎದೆಗೆ ಹಾಕಿ ಎಂದ. ಅವನ ಮುಖ್ಯ ಚಿಂತೆ ತಾಯಿಯದು. ಹಾಲು ಕಟ್ಟಿಕೊಂಡು ಬರುವ ಜ್ವರ, ಕೀವು ತಪ್ಪಿಸಬೇಕಿತ್ತು. ಹೀಗೆ ಮಗುವಿನ ಹೊಟ್ಟೆ ಶುದ್ಧಿ, ತಾಯಿಯ ಜ್ವರ ಎಂಬ ಎರಡು ಬಾಗಿಲುಗಳಿಂದ ಮೊದಲ ಹಾಲು ಮನೆಯೊಳಗೆ ಬಂತು. ಅದರೊಳಗೆ ನಿಜವಾಗಿ ಏನಿದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಅದು ತಿಳಿಯಲು ಸೂಕ್ಷ್ಮದರ್ಶಕ ಬೇಕಾಯಿತು, ಇಲಿ ಬೇಕಾಯಿತು, ಕೊನೆಗೆ ಮತ್ತೆ ಕರುವೇ ಬೇಕಾಯಿತು. 1830ರ ದಶಕದಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಡಾನೆ ಸೂಕ್ಷ್ಮದರ್ಶಕದಲ್ಲಿ ಈ ಹಾಲನ್ನು ನೋಡಿ, ಮುಂದಿನ ದಿನಗಳ ಹಾಲಿನಲ್ಲಿ ಕಾಣದ ದುಂಡನೆಯ ಕಣಗಳನ್ನು ಗುರುತಿಸಿದ. 1892ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇಲಿಗಳ ತಾಯಂದಿರನ್ನು ಅದಲುಬದಲು ಮಾಡಿದ. ವಿಷಕ್ಕೆ ನಿರೋಧ ಶಕ್ತಿ ಪಡೆದ ತಾಯಿಯ ಹಾಲು ಕುಡಿದ ಮರಿಗಳು, ಹೆತ್ತವಳು ಬೇರೆಯಾಗಿದ್ದರೂ, ಆ ವಿಷವನ್ನು ತಾಳಿಕೊಂಡವು. ನಿರೋಧ ಶಕ್ತಿ ಹಾಲಿನ ಮೂಲಕವೂ ದಾಟುತ್ತದೆ ಎಂಬುದಕ್ಕೆ ಅದು ಪುರಾವೆ. 1922ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ ಹಾಗೆಯೇ ಕರುಗಳ ಮೇಲೆ ಪ್ರಯೋಗ ಮಾಡಿದರು. ಗಿಣ್ಣು ಕುಡಿದ ಕರುಗಳು ಬದುಕಿದವು, ಗಿಣ್ಣು ಸಿಗದ ಕರುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು.

ಹಸುವಿನ ಗರ್ಭದಲ್ಲಿ ತಾಯಿಯ ರೋಗನಿರೋಧಕಗಳು ಕರುವಿಗೆ ದಾಟುವುದಿಲ್ಲ. ಅದು ಬರಿಗೈಯಲ್ಲೇ ಹುಟ್ಟುತ್ತದೆ. ಮನುಷ್ಯರ ಮಗುವಿಗೆ ಒಂದು ಪಾಲು ಗರ್ಭದಲ್ಲೇ ಸಿಗುತ್ತದೆ. ಇನ್ನೊಂದು ಪಾಲು, ಕರುಳಿನ ಒಳಗೋಡೆಗೆ ಕಾವಲು ನಿಲ್ಲುವ ಐಜಿಎ ಎಂಬ ನಿರೋಧಕ, ಮೊದಲ ಹಾಲಿನಲ್ಲಿ ಬರುತ್ತದೆ. ಸ್ವೀಡನ್ನಿನ ಲಾರ್ಸ್ ಹ್ಯಾನ್ಸನ್ 1961ರಲ್ಲಿ ಹಾಲಿನಲ್ಲಿರುವ ಈ ವಿಶೇಷ ರೂಪವನ್ನು ತೋರಿಸಿಕೊಟ್ಟರು. ಅಜ್ಜಿ ಹಿಂಡಿ ಚೆಲ್ಲಿಸಿದ ಹಳದಿ ಹನಿಯಲ್ಲಿ ಇದ್ದದ್ದು ಇದು.

ವಿಜ್ಞಾನ ಹೀಗೆ ಹೇಳುತ್ತಿದ್ದಾಗ ವಿಜ್ಞಾನದ ಹೆಸರಿನ ಆಸ್ಪತ್ರೆಗಳು ಏನು ಮಾಡುತ್ತಿದ್ದವು? 20ನೇ ಶತಮಾನದ ಬಹುಕಾಲ ಮಗುವನ್ನು ತಾಯಿಯಿಂದ ಬೇರೆ ಕೋಣೆಯಲ್ಲಿ ಇಟ್ಟು, ಗ್ಲೂಕೋಸ್ ನೀರು, ಡಬ್ಬಿ ಹಾಲು ಕೊಡುತ್ತಿದ್ದವು. ಜೇನಿನ ಜಾಗಕ್ಕೆ ಗ್ಲೂಕೋಸ್ ಬಂತು, ಮೂರು ದಿನದ ಕಾಯುವಿಕೆ ಹಾಗೆಯೇ ಉಳಿಯಿತು. ಇದರ ನಡುವೆ ಲಂಡನ್ನಿನ ವೂಲಿಚ್‌ನಲ್ಲಿ ಹೆರಾಲ್ಡ್ ವಾಲರ್ ಎಂಬ ವೈದ್ಯರು 1930-40ರ ದಶಕಗಳಲ್ಲಿ ಬೇರೆ ದಾರಿ ಹಿಡಿದರು. ಹೆರಿಗೆಗೆ ಕೆಲವು ವಾರ ಮೊದಲೇ ಗರ್ಭಿಣಿಯರಿಗೆ ಕೈಯಿಂದ ಹಾಲು ಹಿಂಡುವುದನ್ನು ಕಲಿಸಿದರು. ಮುಂದೆ ಎದೆ ಕಟ್ಟಿಕೊಂಡು ಹಾಲುಣಿಸುವುದು ನಿಂತುಹೋಗಬಾರದು ಎಂಬುದು ಅವರ ಉದ್ದೇಶ. ಹಿಂಡಿದ ಹನಿಗಳನ್ನು ಕೂಡಿಡುವುದು ಅವರ ಗುರಿಯಾಗಿರಲಿಲ್ಲ. ಆದರೆ ಹೆರುವ ಮೊದಲೇ ತನ್ನ ಎದೆಯಲ್ಲಿ ಹಾಲಿದೆ ಎಂದು ಹೆಣ್ಣು ತನ್ನ ಕಣ್ಣಿಂದಲೇ ಕಾಣುವಂತಾಯಿತು.

ಕೂಡಿಡುವ ಕಥೆ ನಮ್ಮ ಪಾಲಿಗೆ ಮುಂಬಯಿಗೆ ಬರುತ್ತದೆ. ಸಯನ್‌ನ ಲೋಕಮಾನ್ಯ ತಿಲಕ್ ಪಾಲಿಕೆ ಆಸ್ಪತ್ರೆ ಧಾರಾವಿಯ ಪಕ್ಕದಲ್ಲೇ ಇದೆ, ಬಡವರ ದೊಡ್ಡ ಆಸರೆ. ಅಲ್ಲಿ ನವಜಾತ ಶಿಶುಗಳ ವಿಭಾಗ ನಡೆಸುತ್ತಿದ್ದ ಡಾ. ಆರ್ಮಿಡಾ ಫರ್ನಾಂಡಿಸ್, ಸೋಂಕಿನಿಂದ ಸಾಯುವ ಕೂಸುಗಳನ್ನು ಕಂಡು, ಡಬ್ಬಿ ಹಾಲನ್ನು ಬಿಟ್ಟು ತಾಯಂದಿರನ್ನೇ ವಿಭಾಗದ ಒಳಗೆ ಕರೆತಂದರು. 1989ರಲ್ಲಿ ಅಲ್ಲಿಯೇ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಶುರುವಾಯಿತು. ಹೆಚ್ಚಿರುವ ತಾಯಂದಿರಿಂದ ಹಿಂಡಿದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ತಣ್ಣಗಿಟ್ಟು, ಸ್ವಂತ ತಾಯಿಯ ಹಾಲು ಸಿಗದ ಕೂಸಿಗೆ ಕೊಡುವ ವ್ಯವಸ್ಥೆ ಇದು. ಇಂದು ಇಂಥ ವಿಭಾಗಗಳಲ್ಲಿ ತಿಂಗಳು ತುಂಬದೆ ಹುಟ್ಟಿ ಚೀಪಲಾರದ ಮಗುವಿನ ಕೆನ್ನೆಯ ಒಳಬದಿಗೆ ಅದರ ತಾಯಿಯದೇ ಮೊದಲ ಹಾಲಿನ ಹನಿ ಸವರುತ್ತಾರೆ. ಜೇನು ಸವರುತ್ತಿದ್ದ ಜಾಗವೇ ಅದು. ಸ್ವಲ್ಪ ಬೆಳೆದ ಮೇಲೆ ಹಿಂಡಿದ ಹಾಲನ್ನು ಕುಡಿಸಲು ಪಾಲಡೈ ಎಂಬ ಪುಟ್ಟ ಬಟ್ಟಲು ಬಳಸುತ್ತಾರೆ. ತಮಿಳು ಹೆಸರು ಕೇಳಿ ಹೊಸ ಉಪಕರಣ ಎಂದುಕೊಳ್ಳಬೇಡಿ, ನಮ್ಮ ಮನೆಗಳಲ್ಲಿದ್ದ ಮೂತಿಯ ಒಳಲೆಯೇ ಅದು. ಕತ್ತೆ ಹಾಲು ಕುಡಿಸಿದ ಒಳಲೆ ತಾಯಿಯ ಗಿಣ್ಣಿಗೆ ಒದಗಿದೆ.

ಹೆರಿಗೆಗೆ ಮೊದಲೇ ಕೂಡಿಡುವ ಪ್ರಶ್ನೆಗೆ ದೊಡ್ಡ ಪರೀಕ್ಷೆ ನಡೆದದ್ದು ಆಸ್ಟ್ರೇಲಿಯದಲ್ಲಿ. ಮಧುಮೇಹವಿರುವ ತಾಯಿಯ ಮಗುವಿಗೆ ಹುಟ್ಟಿದ ಕೂಡಲೇ ರಕ್ತದಲ್ಲಿ ಸಕ್ಕರೆ ಇಳಿಯುವ ಭಯ, ಆಗ ಡಬ್ಬಿ ಹಾಲು ಕೊಟ್ಟುಬಿಡುತ್ತಾರೆ. ಮೆಲ್ಬರ್ನಿನ ಸಂಶೋಧಕರು ಮಧುಮೇಹ ಬಿಟ್ಟರೆ ಬೇರೆ ತೊಂದರೆಯಿಲ್ಲದ 635 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 36ನೇ ವಾರದಿಂದ ದಿನಕ್ಕೆರಡು ಸಲ ಕೈಯಿಂದ ಹಿಂಡಿ ಕೂಡಿಡಲು ಹೇಳಿದರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಅದರಿಂದ ಮಕ್ಕಳಿಗೆ ಹಾನಿ ಕಾಣಲಿಲ್ಲ. ಆದರೆ ಇದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಮೊಲೆತೊಟ್ಟು ಉದ್ರೇಕಗೊಂಡಾಗ ಗರ್ಭಕೋಶವೂ ಬಿಗಿಯಬಹುದು. ಅವಧಿಗೆ ಮೊದಲೇ ನೋವು ಬರುವ ಸಂಭವ ಇರುವವರು ಮಾಡಬಾರದು, ಉಳಿದವರೂ ವೈದ್ಯರನ್ನು ಕೇಳಿಯೇ ಮಾಡಬೇಕು. ಹೆರಿಗೆಯ ನಂತರ ಹಿಂಡುವುದಕ್ಕೆ ಈ ಹೆದರಿಕೆ ಇಲ್ಲ. ಮೊದಲ ದಿನ ಪಂಪಿಗಿಂತ ಬೆರಳುಗಳೇ ವಾಸಿ, ಕೆಲವೇ ಹನಿಗಳು ಪಂಪಿನ ಗೋಡೆಗೇ ಅಂಟಿಕೊಂಡುಬಿಡುತ್ತವೆ.

ಇದೆಲ್ಲ ಮುಗಿದ ಇತಿಹಾಸವಲ್ಲ. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ನೂರಕ್ಕೆ ಹತ್ತೂ ಇರಲಿಲ್ಲ. 2019-21ರ ಐದನೇ ಸಮೀಕ್ಷೆಯಲ್ಲಿ ಸುಮಾರು 42. ಈಗ ಹತ್ತರಲ್ಲಿ ಒಂಬತ್ತಕ್ಕಿಂತ ಸ್ವಲ್ಪವೇ ಕಡಿಮೆ ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆ ಗಂಟೆ ಕೈತಪ್ಪುತ್ತಿದೆ. ಇದಕ್ಕೆ ಅಜ್ಜಿಯರನ್ನು ಮಾತ್ರ ದೂರಲಾಗದು.

ಊರು ಬಿಟ್ಟು ಬಂದ ನಮ್ಮಂಥವರ ಹೆರಿಗೆಗಳು ಈ ಇಕ್ಕಟ್ಟಿನಲ್ಲೇ ಆಗುತ್ತವೆ. ಸಿಸೇರಿಯನ್ ಆದ ತಾಯಿ ಒಂದು ಕೋಣೆಯಲ್ಲಿ, ಮಗು ಇನ್ನೊಂದರಲ್ಲಿ, ‘ಹಾಲು ಬಂತಾ’ ಎಂದು ಊರಿನಿಂದ ಗಂಟೆಗೊಂದು ಫೋನು. ಅತ್ತೆಯೋ ಅಮ್ಮನೋ ರಾತ್ರಿ ರೈಲು ಹಿಡಿದು ಬರುವಷ್ಟರಲ್ಲಿ ಡಬ್ಬಿ ಒಡೆದಿರುತ್ತದೆ. ಆಗ ಬೇಕಾದದ್ದು ಒಂದು ತೊಳೆದ ಚಮಚ, ಎರಡು ತೊಳೆದ ಕೈ, ಮತ್ತು ‘ಇಷ್ಟೇನಾ’ ಎಂದು ಕೇಳದ ಒಬ್ಬರು. ಬಂದ ಹಿರಿಯರಿಗೆ ಗಿಣ್ಣಿನ ಮಾತು ಹೇಳಿ ನೋಡಿ. ಕರುವಿಗೆ ಗಿಣ್ಣು ಬಿಡದೆ ಹಾಲು ಕರೆಯಬಾರದು ಎಂದು ನಮಗೆ ಕಲಿಸಿದವರು ಅವರೇ. ಅಷ್ಟನ್ನು ಅರಿತವರಿಗೆ ಉಳಿದದ್ದನ್ನು ವಿವರಿಸಲು ಬಹಳ ಹೊತ್ತು ಬೇಕಾಗುವುದಿಲ್ಲ.