ಪ್ಲೇಟಿನ ಕಾಳಿಂಗ, ಕ್ಯಾಸೆಟ್ಟಿನ ಕಾಳಿಂಗ

ಈಗಿನ ಬ್ರಹ್ಮಾವರ ತಾಲೂಕಿನ ಇಬ್ಬರು ಕಾಳಿಂಗರು ಕನ್ನಡದ ಕಿವಿಗಳನ್ನು ಆಳಿದವರು. ಒಬ್ಬರು 1914ರಲ್ಲಿ ಆರೂರಿನಲ್ಲಿ ಹುಟ್ಟಿದ ಪಾಂಡೇಶ್ವರ ಕಾಳಿಂಗರಾಯರು. ಇನ್ನೊಬ್ಬರು 1958ರಲ್ಲಿ ಹುಟ್ಟಿದ ಗುಂಡ್ಮಿಯ ಭಾಗವತ ಕಾಳಿಂಗ ನಾವಡರು. ಪಾಂಡೇಶ್ವರವೂ ಗುಂಡ್ಮಿಯೂ ಸಾಸ್ತಾನದ ಆಸುಪಾಸಿನ ಊರುಗಳೇ. ಆದರೆ ರಾಯರ ದನಿ ನಮಗೆ ದಕ್ಕಿದ್ದು ಗ್ರಾಮಫೋನ್ ಪ್ಲೇಟುಗಳಿಂದ, ನಾವಡರ ದನಿ ದಕ್ಕಿದ್ದು ಕ್ಯಾಸೆಟ್ಟುಗಳಿಂದ. ಈ ವ್ಯತ್ಯಾಸ ಬರೀ ಯಂತ್ರದ್ದಲ್ಲ. ಹಾಡಿನಲ್ಲಿ ಏನು ಉಳಿಯಬೇಕು, ಏನು ಹೋಗಬೇಕು ಎಂದು ತೀರ್ಮಾನಿಸಿದವರು ಯಾರು ಎಂಬ ಪ್ರಶ್ನೆಯೂ ಇದರೊಳಗಿದೆ.

ಅರಗಿನಿಂದ ಮಾಡಿದ 78 ಸುತ್ತಿನ ಹತ್ತಿಂಚಿನ ಪ್ಲೇಟಿನ ಒಂದು ಮೈಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಉದ್ದದ ಪದ್ಯವಾದರೆ ಕೆಲವು ನುಡಿ ಬಿಡಲೇಬೇಕು, ಆಲಾಪಕ್ಕೆ ಕತ್ತರಿ ಹಾಕಲೇಬೇಕು. ಬೇಂದ್ರೆ, ಜಿ.ಪಿ. ರಾಜರತ್ನಂ, ಹುಯಿಲಗೋಳ ನಾರಾಯಣರಾಯರ ಕವಿತೆಗಳನ್ನೂ ಜನಪದ ಗೀತೆಗಳನ್ನೂ ಕಾಳಿಂಗರಾಯರು ಹಾಡಿದ ಕಾಲದ ಚೌಕಟ್ಟು ಇದು. ಇಕ್ಕಟ್ಟು ಹೌದು, ಆದರೆ ಅದರಿಂದ ಲಾಭವೂ ಆಯಿತು. 1925ರ ಹೊತ್ತಿಗೆ ಮೈಕಿನ ಮೂಲಕ ಧ್ವನಿಮುದ್ರಣ ಶುರುವಾಗಿತ್ತು. ಅದಕ್ಕೂ ಮುಂಚೆ ಗಾಯಕರು ಕಹಳೆಯಂಥ ಕೊಳವೆಗೆ ಬಾಯಿ ಕೊಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಮೈಕು ಬಂದ ಮೇಲೆ ಪಕ್ಕದಲ್ಲಿ ಕುಳಿತು ಮಾತಾಡಿದಷ್ಟು ಮೆಲ್ಲಗೆ ಹಾಡಬಹುದಾಯಿತು. ಭಾವಗೀತೆಯ ಆಪ್ತತೆಗೆ ಕವಿಗಳಷ್ಟೇ ಈ ಯಂತ್ರವೂ ಕಾರಣ ಎಂದು ನಾನು ತಿಳಿದಿದ್ದೇನೆ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಲಾಂಗ್ ಪ್ಲೇ ತಂದಿತು. ಒಂದು ಮೈಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡು ಹಿಡಿಸಿತು. ಬಿಡಿ ಪ್ಲೇಟುಗಳ ಹಾಡುಗಳನ್ನು ಒಟ್ಟುಮಾಡಿ ‘ಆಯ್ದ ಗೀತೆಗಳು’ ಎಂದು ಹೊರತರುವುದು ಸುಲಭವಾಯಿತು. ಸಾಹಿತ್ಯದಲ್ಲಿ ಕವನ ಸಂಕಲನ ಮಾಡುವ ಕೆಲಸವನ್ನೇ ಇಲ್ಲಿ ಕಂಪನಿ ಮಾಡುತ್ತದೆ: ಆಯ್ದದ್ದು ಪರಂಪರೆಯಾಗುತ್ತದೆ, ಬಿಟ್ಟದ್ದು ಮರೆತುಹೋಗುತ್ತದೆ. ಇಂದು ಧ್ವನಿಶುದ್ಧಿಯ ರಸಿಕರಿಗಾಗಿ 180 ಗ್ರಾಂ ತೂಕದ ವಿನೈಲ್‌ನಲ್ಲಿ ಜನಪದ ಗೀತೆ, ಸ್ವಂತ ರಚನೆ ಹಾಡುವವರ ಸಂಕಲನಗಳು ಬರುತ್ತವೆ. ವಾದ್ಯ ಕಡಿಮೆ, ಉಸಿರು ಕೇಳಿಸಬೇಕು, ಹಿನ್ನೆಲೆ ನಿಶ್ಶಬ್ದವಾಗಿರಬೇಕು. ಹಾಡು ಸೇರಬೇಕೋ ಬೇಡವೋ ಎನ್ನುವುದನ್ನು ಅದರ ಸದ್ದಿನ ಗುಣವೂ ತೀರ್ಮಾನಿಸುತ್ತದೆ.

ಈ ಅಳತೆಗೋಲಿನಲ್ಲಿ ಕಾಳಿಂಗ ನಾವಡರಿಗೆ ಜಾಗವೇ ಸಿಗಲಿಕ್ಕಿಲ್ಲ. ಅವರೂ ಸ್ವಂತ ರಚನೆ ಹಾಡಿದವರೇ. ‘ನಾಗಶ್ರೀ’ ಪ್ರಸಂಗ ಬರೆದವರು ಅವರು, ಸಾಲಿಗ್ರಾಮ ಮೇಳದ ರಂಗದಲ್ಲಿ ಅದಕ್ಕೆ ಕಂಠ ಕೊಟ್ಟವರೂ ಅವರು. ಆದರೆ ಬಡಗುತಿಟ್ಟಿನ ಆಟ ಬೆಳತನಕದ್ದು, ಮೂರು ನಿಮಿಷದ ಪ್ಲೇಟಿಗೆ ಒಗ್ಗುವಂಥದ್ದಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಬಿಡುಗಡೆ ಮಾಡಿದ ಕ್ಯಾಸೆಟ್ಟು ಈ ತೊಡಕನ್ನು ಬಿಡಿಸಿತು. ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ಟೆಂದು ಹೆಸರಾದ, ನಿಸಾರ್ ಅಹಮದರ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ. ಕರಾವಳಿಯಲ್ಲಿ ಕ್ಯಾಸೆಟ್ಟು ಇನ್ನೊಂದು ಕೆಲಸವನ್ನೂ ಮಾಡಿತು, ಮುದ್ರಿಸುವ ಅಧಿಕಾರವನ್ನು ಪ್ರೇಕ್ಷಕನ ಕೈಗೆ ಕೊಟ್ಟಿತು. ತೊಂಬತ್ತು ನಿಮಿಷದ ಎರಡು ಮೂರು ಕ್ಯಾಸೆಟ್ಟು, ಒಂದು ಟೇಪ್ ರೆಕಾರ್ಡರ್ ಇದ್ದರೆ ತನಗೆ ಬೇಕಾದ ಪದ್ಯಗಳ ಸಂಕಲನವನ್ನು ತಾನೇ ಮಾಡಿಕೊಳ್ಳಬಹುದಿತ್ತು. 1990ರ ಮೇ ತಿಂಗಳಲ್ಲಿ ನಾವಡರು ಅಪಘಾತದಲ್ಲಿ ತೀರಿಕೊಂಡರು. ಅಲ್ಲಿಂದ ಮುಂದೆ ಈ ಕ್ಯಾಸೆಟ್ಟುಗಳು ಹವ್ಯಾಸವಾಗಿ ಉಳಿಯದೆ ದಾಖಲೆಯಾದವು.

ನನ್ನ ಸಂಶೋಧನೆಗಾಗಿ ಬೈಂದೂರು ಕಡೆಯ ಒಂದು ಮನೆಗೆ ಹೋಗಿದ್ದೆ. ಬಿಸ್ಕೆಟ್ ಡಬ್ಬದಲ್ಲಿ ಹತ್ತಾರು ಕ್ಯಾಸೆಟ್ಟು. ಮಳೆಗಾಲದ ತೇವಕ್ಕೆ ಕೆಲವು ಟೇಪುಗಳ ಮೇಲೆ ಬಿಳಿ ಬೂಸು ಹಿಡಿದಿತ್ತು. ಉಳಿದವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಒಂದರ ಗೊರಗೊರ ಸದ್ದನ್ನು ತಂತ್ರಾಂಶದಿಂದ ತೆಗೆದು ಹೆಮ್ಮೆಯಿಂದ ಕೇಳಿಸಿದೆ. ದನಿ ತಿಳಿಯಾಗಿತ್ತು. ಆದರೆ ತಾಳದ ಕಿಣಿ ಮಂಕಾಗಿತ್ತು, ಚಂಡೆಯ ಅಂಚು ಸವೆದಿತ್ತು. ಮನೆಯ ಹಿರಿಯಮ್ಮ ಸ್ವಲ್ಪ ಹೊತ್ತು ಕೇಳಿ, “ಅಪ್ಪಯ್ಯ ಕೆಮ್ಮುದ್ ಎಲ್ಲಿ ಮಾಣಿ?” ಎಂದರು. ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿಯಿಡೀ ಕೂತಿದ್ದವರು ಅವರ ತಂದೆ. ಆ ಮನೆಯಲ್ಲಿ ಅವರ ದನಿ ಅಂತ ಉಳಿದದ್ದು ಆ ಕೆಮ್ಮೊಂದೇ. ನಾನು ಅದನ್ನು ಕಸವೆಂದು ಗುಡಿಸಿಹಾಕಿದ್ದೆ. ಪುಣ್ಯಕ್ಕೆ ಮೂಲ ಪ್ರತಿ ಉಳಿಸಿಕೊಂಡಿದ್ದೆ.

ಆ ದಿನದಿಂದ ‘ಶುದ್ಧ’ ಎಂಬ ಮಾತನ್ನು ಹುಷಾರಾಗಿ ಬಳಸುತ್ತೇನೆ. ಸ್ಟುಡಿಯೋದ ಮೌನದಲ್ಲಿ ಕಾಳಿಂಗರಾಯರ ಹಾಡು ಎಲ್ಲ ಊರಿಗೂ ಸೇರಿದ್ದಾಯಿತು. ಅದು ಸಣ್ಣ ಸಾಧನೆಯಲ್ಲ. ನಾವಡರ ಕ್ಯಾಸೆಟ್ಟಿನಲ್ಲಿರುವುದು ಒಂದು ಊರಿನ ಒಂದು ರಾತ್ರಿ: ಜನರೇಟರಿನ ಗುಂಯ್‌ಗುಡುವಿಕೆ, ಮಗುವಿನ ಅಳು, ಪದ್ಯ ಏರಿದಾಗ ಗದ್ದೆಯ ತುದಿಯಿಂದ ಬಂದ ಶಿಳ್ಳೆ. ಚರಿತ್ರೆ ಬರೆಯುವವನಿಗೆ ಎರಡೂ ಬೇಕು. ಹಾಗಾಗಿ ಈಗ ಪ್ರತಿ ಟೇಪಿಗೂ ಎರಡು ಕಡತ ಮಾಡುತ್ತೇನೆ, ತಿದ್ದಿದ್ದು ಒಂದು, ಇದ್ದ ಹಾಗೇ ಇಟ್ಟದ್ದು ಇನ್ನೊಂದು. ಜೊತೆಗೆ ಮೇಳ, ಪ್ರಸಂಗ, ಊರು, ತಾರೀಕು ಬರೆಯುತ್ತೇನೆ. ಭಾಗವತರ ಹೆಸರಿನ ಕೆಳಗೆ ಮುದ್ರಿಸಿಕೊಂಡವರ ಹೆಸರೂ ಇರುತ್ತದೆ.