ಹಳೆಯ ಹಾಡಿಗಾಗಿ ನಡೆದ ಪೈಪೋಟಿ

ಒಂದು ಸಮಾಜ ಏನನ್ನು ನೆನಪಿಟ್ಟುಕೊಳ್ಳಬೇಕು, ಏನನ್ನು ಮರೆಯಬೇಕು ಎಂಬುದನ್ನು ಕಾಲವೊಂದೇ ತೀರ್ಮಾನಿಸುವುದಿಲ್ಲ. ಸರಕಾರಗಳು ತೀರ್ಮಾನಿಸುತ್ತವೆ, ವ್ಯಾಪಾರ ತೀರ್ಮಾನಿಸುತ್ತದೆ, ಕೆಲವೊಮ್ಮೆ ಜನರೂ ತೀರ್ಮಾನಿಸುತ್ತಾರೆ. ಭಾರತದ ರೇಡಿಯೋ ಚರಿತ್ರೆಯಲ್ಲಿ ಈ ಮೂವರ ಹಗ್ಗಜಗ್ಗಾಟ ಬಹಳ ಸ್ಪಷ್ಟವಾಗಿ ಕಾಣುವುದು ಒಂದು ಸಣ್ಣ ವಸ್ತುವಿನಲ್ಲಿ. ಅದು ಸಿನಿಮಾದ ಹಳೆಯ ಹಾಡು.

ಈ ಚರಿತ್ರೆಯನ್ನು ಮುಂಬಯಿ ಅಥವಾ ದೆಹಲಿಯಿಂದ ನೋಡುವುದು ವಾಡಿಕೆ. ಉತ್ತರ ಕನ್ನಡದ ಜೋಯಿಡಾ ತಾಲೂಕಿನ ರಾಮನಗರದಿಂದ ನೋಡಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ಬೆಳಗಾವಿ, ಖಾನಾಪುರದ ಕಡೆಯಿಂದ ಅನಮೋಡ ಘಟ್ಟವಿಳಿದು ಗೋವಾಕ್ಕೆ ಹೋಗುವ ದಾರಿಯಲ್ಲಿರುವ ಊರು ಇದು. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನಿಂದ ಮನೆ-ಗದ್ದೆ ಕಳೆದುಕೊಂಡವರಿಗೆ ಪುನರ್ವಸತಿ ಕಲ್ಪಿಸಿದ್ದು ಇಲ್ಲಿಯೇ. ಕೊಂಕಣಿ, ಮರಾಠಿ, ಕನ್ನಡ, ಉರ್ದು ಒಂದೇ ಪೇಟೆಯಲ್ಲಿ ಕಿವಿಗೆ ಬೀಳುತ್ತವೆ. ಪೂರ್ವಕ್ಕೆ ಧಾರವಾಡ, ಪಶ್ಚಿಮಕ್ಕೆ ಪಣಜಿ. ಯಾವ ನಗರಕ್ಕೂ ಪೂರ್ತಿ ಸೇರದ ಇಂಥ ಊರಿನ ಕೇಳುಗನಿಗೆ ಎಲ್ಲ ಕೇಂದ್ರಗಳೂ ಸ್ವಲ್ಪ ಸ್ವಲ್ಪ ತನ್ನವೇ ಆಗಿರುತ್ತವೆ.

ಗಡಿ ದಾಟಿದ ಧ್ವನಿಗಳು

ಈ ಸೀಮೆಯ ಮೇಲೆ ರೇಡಿಯೋ ಪೈಪೋಟಿ ಹೊಸತೇನಲ್ಲ. ಪೋರ್ಚುಗೀಸರ ಆಳ್ವಿಕೆಯಲ್ಲಿ 1946ರಲ್ಲಿ ಗೋವಾದಲ್ಲಿ ‘ಎಮಿಸೋರಾ ದಿ ಗೋವಾ’ ಆರಂಭವಾಯಿತು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಬಂತು. 1955ರಲ್ಲಿ ಗೋವಾದೊಂದಿಗಿನ ಸಂಬಂಧ ಹದಗೆಟ್ಟು, ಕ್ಯಾಸಲ್‌ರಾಕ್ ಮೂಲಕ ಓಡಾಡುತ್ತಿದ್ದ ರೈಲು ನಿಂತುಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ವಾಮನ ಸರದೇಸಾಯಿ, ಲಿಬಿಯಾ ಲೋಬೊ ಮತ್ತಿತರರು ಗೋವಾ ವಿಮೋಚನೆಗಾಗಿ ಗುಪ್ತ ರೇಡಿಯೋ ಒಂದನ್ನು ಶುರು ಮಾಡಿದರು. ಮೊದಲು ಆಂಬೋಲಿಯ ಕಾಡಿನಿಂದ, ಆಮೇಲೆ ಇದೇ ಜೋಯಿಡಾ ಸೀಮೆಯ ಕ್ಯಾಸಲ್‌ರಾಕಿನಿಂದ ಅದು 1961ರವರೆಗೆ ಪೋರ್ಚುಗೀಸ್ ಸರಕಾರದ ಪ್ರಚಾರಕ್ಕೆ ಉತ್ತರ ಕೊಟ್ಟಿತು. ರೈಲಿಗೆ ಗಡಿಯಿತ್ತು, ಧ್ವನಿಗೆ ಇರಲಿಲ್ಲ.

ಆ ಪೈಪೋಟಿ ರಾಜಕೀಯದ್ದು. ಅದೇ ಕಾಲದಲ್ಲಿ ನಡೆಯುತ್ತಿದ್ದ ಇನ್ನೊಂದು ಪೈಪೋಟಿ ಹಾಡಿನದು.

ಸಚಿವರ ಅಭಿರುಚಿ, ಜನರ ಆಯ್ಕೆ

1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತದ ಜ್ಞಾನವಿದ್ದ ಅವರಿಗೆ ಸಿನಿಮಾ ಹಾಡು ಜನರ ಅಭಿರುಚಿಯನ್ನು ಕೆಡಿಸುತ್ತದೆಂಬ ನಂಬಿಕೆಯಿತ್ತು. ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳ ಪಾಲನ್ನು ತಗ್ಗಿಸಲಾಯಿತು. ಚಿತ್ರದ ಹೆಸರು ಹೇಳಿದರೆ ಅದು ಜಾಹೀರಾತಾಗುತ್ತದೆಂದು ಹೆಸರು ಹೇಳುವುದನ್ನೂ ನಿಲ್ಲಿಸಲಾಯಿತು. ಸಿಟ್ಟಾದ ನಿರ್ಮಾಪಕರು ಹಾಡುಗಳ ಪ್ರಸಾರದ ಹಕ್ಕನ್ನೇ ಹಿಂದೆಗೆದುಕೊಂಡರು. ಸರಕಾರದ ರೇಡಿಯೋದಿಂದ ಸಿನಿಮಾ ಹಾಡು ಹೆಚ್ಚುಕಡಿಮೆ ಮಾಯವಾಯಿತು.

ಕೇಸ್ಕರ್ ಅವರನ್ನು ಖಳನಾಯಕನಂತೆ ಚಿತ್ರಿಸುವುದು ಸುಲಭ. ಆದರೆ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ರಾಜಾಶ್ರಯ ಅಳಿದ ಮೇಲೆ ದಿಕ್ಕು ತೋಚದಿದ್ದ ಶಾಸ್ತ್ರೀಯ ಸಂಗೀತಗಾರರಿಗೆ ಆಕಾಶವಾಣಿ ಅನ್ನ ಮತ್ತು ಗೌರವ ಎರಡನ್ನೂ ಕೊಟ್ಟಿತು. ಮಲ್ಲಿಕಾರ್ಜುನ ಮನ್ಸೂರರಂಥವರು ಧಾರವಾಡ ಕೇಂದ್ರದ ಸಂಗೀತ ಸಲಹೆಗಾರರಾಗಿದ್ದರು. ತೊಂದರೆಯಿದ್ದುದು ಶಾಸ್ತ್ರೀಯ ಸಂಗೀತವನ್ನು ಬೆಳೆಸಿದ್ದರಲ್ಲಲ್ಲ. ಒಂದನ್ನು ಬೆಳೆಸಲು ಇನ್ನೊಂದನ್ನು ಹೊರಗಿಡಬೇಕು ಎಂದುಕೊಂಡದ್ದರಲ್ಲಿ.

ಬಾಗಿಲು ಮುಚ್ಚಿದಾಗ ಕೇಳುಗ ಕಿಟಕಿ ಹುಡುಕಿದ. ಕಿಟಕಿ ತೆರೆದದ್ದು ಕೊಲಂಬೋದಲ್ಲಿ. ಎರಡನೆಯ ಮಹಾಯುದ್ಧದ ವೇಳೆ ಮೌಂಟ್‌ಬ್ಯಾಟನ್ನರ ಆಗ್ನೇಯ ಏಷ್ಯಾ ಸೇನಾ ಕಮಾಂಡ್ ಸೈನಿಕರಿಗಾಗಿ ಅಲ್ಲಿ ಪ್ರಬಲವಾದ ಪ್ರಸಾರ ಯಂತ್ರಗಳನ್ನು ಸ್ಥಾಪಿಸಿತ್ತು. ಯುದ್ಧ ಮುಗಿದ ಮೇಲೆ ಅವು ರೇಡಿಯೋ ಸಿಲೋನ್ ಪಾಲಾದವು. 1950ರ ಸುಮಾರಿಗೆ ಆಸ್ಟ್ರೇಲಿಯಾದ ಕ್ಲಿಫರ್ಡ್ ಡಾಡ್ ಅವರ ಮುಂದಾಳತ್ವದಲ್ಲಿ ಅಲ್ಲಿ ವಾಣಿಜ್ಯ ಪ್ರಸಾರ ಆರಂಭವಾಯಿತು. ಕೊಲಂಬೋ ರಾಮನಗರದಿಂದ ಸುಮಾರು 1,100 ಕಿಲೋಮೀಟರ್ ದೂರ. ಆದರೆ ಶಾರ್ಟ್‌ವೇವ್ ಅಲೆಗಳು ಮೇಲಿನ ಅಯಾನುಮಂಡಲಕ್ಕೆ ಬಡಿದು ಮರಳಿ ಭೂಮಿಗೆ ಬರುತ್ತವೆ. ಹಾಗಾಗಿ ಘಟ್ಟ, ಕಾಡು ಅವಕ್ಕೆ ಅಡ್ಡಿಯಲ್ಲ. 25 ಮತ್ತು 41 ಮೀಟರಿನಲ್ಲಿ ಕೊಲಂಬೋದ ಹಿಂದಿ ಪ್ರಸಾರ ಏರಿಳಿಯುತ್ತ, ಗರಗರ ಸದ್ದಿನೊಂದಿಗೆ ಬಂದು ತಲುಪುತ್ತಿತ್ತು.

1952ರ ಡಿಸೆಂಬರ್ 3ರಂದು ಆರಂಭವಾದ ಬಿನಾಕಾ ಗೀತಮಾಲಾ ಈ ಕಥೆಯ ಹೆಚ್ಚು ಪ್ರಸಿದ್ಧ ಭಾಗ. ಅದರ ನಿರೂಪಕ ಅಮೀನ್ ಸಯಾನಿ ಬಳಸಿದ ಭಾಷೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರ ತಾಯಿ ಕುಲ್ಸುಮ್ ಸಯಾನಿ ವಯಸ್ಕರ ಶಿಕ್ಷಣಕ್ಕಾಗಿ ದುಡಿದವರು. ಗಾಂಧೀಜಿಯ ಪ್ರೇರಣೆಯಿಂದ ‘ರಹಬರ್’ ಎಂಬ ಪತ್ರಿಕೆಯನ್ನು ದೇವನಾಗರಿ, ಉರ್ದು, ಗುಜರಾತಿ ಲಿಪಿಗಳಲ್ಲಿ ಸರಳ ಹಿಂದೂಸ್ತಾನಿಯಲ್ಲಿ ಹೊರತಂದರು. ಆ ಪತ್ರಿಕೆಯ ಕೆಲಸದಲ್ಲಿ ಕೈಜೋಡಿಸಿ ಬೆಳೆದ ಮಗ ಅದೇ ಭಾಷೆಯನ್ನು ಮೈಕಿನ ಮುಂದೆ ಆಡಿದರು. ಆಕಾಶವಾಣಿಯ ಹಿಂದಿ ಸಂಸ್ಕೃತದ ಕಡೆಗೆ ವಾಲುತ್ತಿದ್ದ ದಿನಗಳಲ್ಲಿ, ಹಿಂದಿ-ಉರ್ದು ಎಂದು ಬೇರ್ಪಡಿಸಲಾಗದ ಆ ಮಾತು ಹಳಿಯಾಳದಲ್ಲೂ ದಾಂಡೇಲಿಯಲ್ಲೂ ಅರ್ಥವಾಗುವಂಥದ್ದಾಗಿತ್ತು. 2024ರ ಫೆಬ್ರವರಿಯಲ್ಲಿ ಸಯಾನಿ ತೀರಿಕೊಂಡಾಗ ಅನೇಕರು ನೆನೆದದ್ದು ಹಾಡುಗಳಷ್ಟೇ ಆ ಮಾತನ್ನೂ.

ಬೆಳಗಿನ ಅರ್ಧ ಗಂಟೆ

ಆದರೆ ಗೀತಮಾಲಾ ಹೊಸ ಹಾಡುಗಳ ಕಾರ್ಯಕ್ರಮ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ರೇಡಿಯೋ ಸಿಲೋನ್ ಬೆಳಗ್ಗೆ ಏಳೂವರೆಯಿಂದ ಎಂಟರವರೆಗೆ ಪ್ರಸಾರ ಮಾಡುತ್ತಿದ್ದ ‘ಪುರಾನೀ ಫಿಲ್ಮೋಂ ಕಾ ಸಂಗೀತ್’. ಹೆಸರೇ ಹೇಳುವಂತೆ ಹಳೆಯ ಚಿತ್ರಗಳ ಹಾಡು ಮಾತ್ರ. 1947ರಲ್ಲಿಯೇ ತೀರಿಕೊಂಡ ಕೆ.ಎಲ್. ಸೈಗಲ್ ಅವರ ಒಂದು ಹಾಡಿನೊಂದಿಗೆ ಅದು ದಿನವೂ ಮುಗಿಯುತ್ತಿತ್ತು. ಸತ್ತ ಗಾಯಕನೊಬ್ಬನ ದನಿ ದಿನಾಲೂ ಒಂದೇ ವೇಳೆಗೆ ಮನೆಮನೆಗೆ ಬರುವುದೆಂದರೆ, ಅದೊಂದು ರೀತಿಯ ಸಾರ್ವಜನಿಕ ಸ್ಮರಣೆ.

ದೆಹಲಿ ಈ ಸ್ಪರ್ಧೆಯನ್ನು ಕಡೆಗಣಿಸಲಾಗಲಿಲ್ಲ. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾಯಿತು. ಕವಿ ಪಂಡಿತ್ ನರೇಂದ್ರ ಶರ್ಮಾ ಅದನ್ನು ರೂಪಿಸಿದರು. ಕೇಸ್ಕರ್ ಇನ್ನೂ ಸಚಿವರಾಗಿರುವಾಗಲೇ ಸರಕಾರ ತಾನು ಹೊರಗಟ್ಟಿದ್ದ ಹಾಡನ್ನು ಮರಳಿ ಕರೆತಂದಿತು. ಹಳೆಯ ಹಾಡಿಗೂ ಅಲ್ಲಿ ಬೆಳಗಿನ ಜಾಗ ಸಿಕ್ಕಿತು. ‘ಭೂಲೇ ಬಿಸರೇ ಗೀತ್’, ಮರೆತುಹೋದ ಹಾಡುಗಳು, ಎಂಬ ಹೆಸರಿನಲ್ಲಿ. 1967ರ ನವೆಂಬರಿನಲ್ಲಿ ಮುಂಬಯಿ, ಪುಣೆ, ನಾಗಪುರಗಳಿಂದ ವಿವಿಧ ಭಾರತಿಯಲ್ಲಿ ಜಾಹೀರಾತುಗಳೂ ಶುರುವಾದವು. ಅಂದರೆ ಸರಕಾರ ಕೊಲಂಬೋವನ್ನು ಅದರದೇ ದಾರಿಯಲ್ಲಿ ಎದುರಿಸಿತು. ಗೀತಮಾಲಾ ಕೂಡ 1980ರ ದಶಕದ ಕೊನೆಗೆ ವಿವಿಧ ಭಾರತಿಗೇ ಬಂತು.

ಈ ಪೈಪೋಟಿಯ ಲಾಭ ಸಿಕ್ಕಿದ್ದು ಕೇಳುಗನಿಗೆ. ಜೋಯಿಡಾದ ಅನೇಕ ಹಳ್ಳಿಗಳಿಗೆ ವಿದ್ಯುತ್ ಬಂದದ್ದು ಬಹಳ ತಡವಾಗಿ. ಬೇರೆಯವರ ಊರಿಗೆ ಬೆಳಕು ಕೊಡಲು ಕಾಳಿ ನದಿ ಇಲ್ಲಿನವರ ಮನೆಗಳನ್ನು ಮುಳುಗಿಸಿತು, ಇಲ್ಲಿ ಉಳಿದವರಿಗೆ ಚಿಮಣಿ ಬುಡ್ಡಿಯೇ ಗತಿಯಾಯಿತು. ಇಂಥ ಕಡೆ ಸೆಲ್ ಹಾಕಿದರೆ ಹಾಡುವ ಟ್ರಾನ್ಸಿಸ್ಟರ್ ಎಂದರೆ ಎಲ್ಲ ಕೇಂದ್ರಗಳನ್ನೂ ಹಿಡಿಯುವ ಯಂತ್ರ. ಧಾರವಾಡದ ವಚನ, ಪಣಜಿಯ ಕೊಂಕಣಿ, ಕೊಲಂಬೋದ ಸೈಗಲ್, ವಿವಿಧ ಭಾರತಿಯ ಕೋರಿಕೆ ಗೀತೆ. ಮುಳ್ಳು ತಿರುಗಿಸಿದರೆ ಸಾಕು.

ಬೀಳಗಿಯ ದನಿ

ಹಳೆಯ ಹಾಡನ್ನು ಕಾಯ್ದುಕೊಳ್ಳುವುದರಿಂದ ಏನು ಉಳಿಯುತ್ತದೆ ಎಂದು ತಿಳಿಯಲು ನಮ್ಮ ನಾಡಿನದೇ ಒಂದು ಉದಾಹರಣೆ ಸಾಕು. ಅಮೀರ್‌ಬಾಯಿ ಕರ್ನಾಟಕಿ ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯವರು. ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರೊಂದಿಗೆ ರಂಗದ ಮೇಲೆ ಅಭಿನಯಿಸಿದವರು. 1940ರ ‘ನರಸಿ ಭಗತ್’ ಚಿತ್ರದಲ್ಲಿ ಅಮೀರ್‌ಬಾಯಿ ಹಾಡಿದ ನರಸಿ ಮೆಹತಾರ ಭಜನೆ ಮನೆಮಾತಾಯಿತು. ಅನಿಲ್ ಬಿಸ್ವಾಸ್ ಸಂಗೀತದ ‘ಕಿಸ್ಮತ್’ 1943ರಲ್ಲಿ ಬಿಡುಗಡೆಯಾಗಿ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿದಾಗ ಅದರಲ್ಲಿ ಅಮೀರ್‌ಬಾಯಿಯ ಕಂಠವಿತ್ತು. ಮುಸ್ಲಿಮ್ ಗಾಯಕಿಯೊಬ್ಬಳು ಹಾಡಿದ ವೈಷ್ಣವ ಭಜನೆಯನ್ನು ಇಡೀ ದೇಶ ತನ್ನದೆಂದು ಕೇಳಿದ ಕಾಲ ಅದು.

1949ರ ‘ಮಹಲ್’ ನಂತರ ಲತಾ ಮಂಗೇಶ್ಕರ್ ಯುಗ ಆರಂಭವಾಯಿತು. ಹಾಡಿನ ಶೈಲಿ ಬದಲಾಯಿತು. ತುಂಬುದನಿಯ ಬದಲು ತೆಳುವಾದ, ನುಣುಪಾದ ಕಂಠ ಬೇಕೆನಿಸಿತು. ಅಮೀರ್‌ಬಾಯಿ, ಜೋಹ್ರಾಬಾಯಿ ಅಂಬಾಲೆವಾಲಿ, ರಾಜಕುಮಾರಿಯವರಂಥ ಗಾಯಕಿಯರು ಹಿನ್ನೆಲೆಗೆ ಸರಿದರು. 1965ರಲ್ಲಿ ಅಮೀರ್‌ಬಾಯಿ ತೀರಿಕೊಂಡಾಗ ಅವರ ಹೊಸ ಹಾಡುಗಳಿರಲಿಲ್ಲ. ಆಮೇಲೂ ಅವರ ದನಿಗೆ ಒಂದು ಊರುಗೋಲಾಗಿ ಉಳಿದದ್ದು ರೇಡಿಯೋದ ಹಳೆಯ ಹಾಡಿನ ಕಾರ್ಯಕ್ರಮ ಮತ್ತು ಕೊಲಂಬೋದಲ್ಲಿ ಕೂಡಿಟ್ಟ 78 ಸುತ್ತಿನ ಗ್ರಾಮಫೋನ್ ತಟ್ಟೆಗಳು. ಬಹುಕಾಲದ ನಂತರ ರಹಮತ್ ತರೀಕೆರೆಯವರು ಅಮೀರ್‌ಬಾಯಿಯವರ ಬದುಕನ್ನು ಕುರಿತು ಕನ್ನಡದಲ್ಲಿ ಪುಸ್ತಕ ಬರೆದರು. ಪುಸ್ತಕ ಬರುವವರೆಗೆ ದನಿ ಬದುಕಿರಬೇಕಲ್ಲ!

‘ಹಳೆಯದು’ ಎಂದರೆ ಎಷ್ಟು ಹಳೆಯದು?

2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಆರಂಭವಾದಾಗ ದೇಶದ ಖಾಸಗಿ ಎಫ್.ಎಂ. ಯುಗ ಶುರುವಾಯಿತು. ಮೊದಲ ಹಂತದಲ್ಲಿ ವರ್ಷವರ್ಷಕ್ಕೆ ಏರುವ ಪರವಾನಿಗೆ ಶುಲ್ಕದ ಭಾರದಿಂದ ಕೇಂದ್ರಗಳು ಬಳಲಿದವು. 2005ರ ನೀತಿಯಲ್ಲಿ ಆದಾಯದ ಪಾಲು ಕೊಡುವ ಪದ್ಧತಿ ಬಂದ ಮೇಲೆ ಒಂದೊಂದು ನಗರದಲ್ಲೂ ಹಲವು ಕೇಂದ್ರಗಳು ತಲೆಯೆತ್ತಿದವು. ಸ್ವಂತ ಸುದ್ದಿ ಬಿತ್ತರಿಸಲು ಅವಕ್ಕೆ ಅನುಮತಿಯಿರಲಿಲ್ಲ. ಉಳಿದದ್ದು ಹಾಡು, ಹರಟೆ, ಜಾಹೀರಾತು. ಕೇಂದ್ರಗಳು ಹೆಚ್ಚಾದರೆ ವೈವಿಧ್ಯ ಹೆಚ್ಚುತ್ತದೆಂದು ನಂಬಿದ್ದೆವು. ಆದರೆ ಎಲ್ಲರೂ ಅದೇ ಕೇಳುಗರನ್ನು, ಅದೇ ಜಾಹೀರಾತುದಾರರನ್ನು ಬೆನ್ನಟ್ಟಿದಾಗ ಎಲ್ಲ ಕೇಂದ್ರಗಳಲ್ಲೂ ಅವೇ ಹಾಡುಗಳು ಸುತ್ತತೊಡಗಿದವು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ ಹಳೆಯ ಹಾಡುಗಳಿಗೇ ಮೀಸಲಾದ ಕೇಂದ್ರಗಳಿಗೆ ದೀರ್ಘ ಚರಿತ್ರೆಯಿದೆ. ನ್ಯೂಯಾರ್ಕಿನ ಡಬ್ಲ್ಯು.ಸಿ.ಬಿ.ಎಸ್. ಎಫ್.ಎಂ. 1972ರಿಂದ ಹಳೆಯ ಹಾಡುಗಳ ಕೇಂದ್ರವಾಗಿತ್ತು. 1980ರ ದಶಕದಲ್ಲಿ ‘ಕ್ಲಾಸಿಕ್ ರಾಕ್’ ಎಂಬ ಇನ್ನೊಂದು ಬಗೆಯ ಕೇಂದ್ರಗಳು ಬಂದು ಅರುವತ್ತರ ದಶಕದ ಕೊನೆಯ ಮತ್ತು ಎಪ್ಪತ್ತರ ದಶಕದ ಹಾಡುಗಳನ್ನು ತಮ್ಮದಾಗಿಸಿಕೊಂಡವು. ಅಲ್ಲಿನ ಜಾಹೀರಾತುದಾರರಿಗೆ ಬೇಕಾದದ್ದು 25ರಿಂದ 54 ವರ್ಷದ ಕೇಳುಗ. ಅದನ್ನು ದಾಟಿದವನು ಲೆಕ್ಕಕ್ಕಿಲ್ಲ. ಹೀಗಾಗಿ ‘ಹಳೆಯದು’ ಎಂಬ ಗೆರೆ ಪ್ರತಿ ಕೆಲವು ವರ್ಷಕ್ಕೊಮ್ಮೆ ಮುಂದಕ್ಕೆ ಸರಿಯುತ್ತ, ಹಿಂದಿನ ದಶಕದ ಹಾಡುಗಳು ಸದ್ದಿಲ್ಲದೆ ಉದುರುತ್ತ ಹೋದವು. 2005ರ ಜೂನ್ 3ರಂದು ಆ ನ್ಯೂಯಾರ್ಕ್ ಕೇಂದ್ರ ಹಳೆಯ ಹಾಡುಗಳನ್ನು ದಿಢೀರನೆ ಕೈಬಿಟ್ಟಾಗ ಕೇಳುಗರು ಪ್ರತಿಭಟಿಸಿದರು. 2007ರ ಜುಲೈನಲ್ಲಿ ಅದು ಹಳೆಯ ದಾರಿಗೆ ಮರಳಬೇಕಾಯಿತು. ಮರಳಿದಾಗಲೂ ಪಟ್ಟಿ ಮೊದಲಿನಂತಿರಲಿಲ್ಲ. ಐವತ್ತರ ದಶಕ ಬಹುಪಾಲು ಹೊರಗುಳಿಯಿತು.

ನಮ್ಮ ಖಾಸಗಿ ಎಫ್.ಎಂ.ಗಳ ‘ರೆಟ್ರೋ’ ಎಂಬ ಮಾತಿನಲ್ಲೂ ಇದೇ ಲೆಕ್ಕಾಚಾರವಿದೆ. ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕದ ಆಯ್ದ ಕೆಲವು ಹಾಡುಗಳೇ ಅಲ್ಲಿ ಇಡೀ ಗತಕಾಲ. ಸೈಗಲ್, ಅಮೀರ್‌ಬಾಯಿ ಅದರಾಚೆಗೆ ಉಳಿಯುತ್ತಾರೆ. 2017ರಲ್ಲಿ ಸಾರೆಗಾಮಾ ಕಂಪನಿ 5,000 ಹಳೆಯ ಹಾಡುಗಳನ್ನು ತುಂಬಿದ ‘ಕಾರವಾನ್’ ಪೆಟ್ಟಿಗೆಯನ್ನು, ಅಮೀನ್ ಸಯಾನಿಯವರ ಗೀತಮಾಲಾ ಸಮೇತ ಮಾರುಕಟ್ಟೆಗೆ ತಂದಾಗ ಅದು ಭರ್ಜರಿಯಾಗಿ ಮಾರಾಟವಾಯಿತು. ಲೆಕ್ಕಕ್ಕಿಲ್ಲವೆಂದು ಬಿಟ್ಟಿದ್ದ ಕೇಳುಗರು ಇದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಪೆಟ್ಟಿಗೆ ಕೊಂಡವನು ಒಬ್ಬನೇ ಕೇಳುತ್ತಾನೆ. ರೇಡಿಯೋದಲ್ಲಿ ಅದೇ ಹಾಡನ್ನು ಅದೇ ಗಳಿಗೆಯಲ್ಲಿ ಗುರುತಿಲ್ಲದ ಲಕ್ಷಾಂತರ ಜನ ಕೇಳುತ್ತಿದ್ದರು. ಅವರಲ್ಲಿ ಯಾರು ಯಾವ ಮತದವರು, ಯಾವ ಮಾತಿನವರು ಎಂದು ಹಾಡು ಕೇಳುತ್ತಿರಲಿಲ್ಲ.

ಯಾರು ಕಾಯಬೇಕು?

ಈ ಚರಿತ್ರೆ ಎರಡು ಪಾಠ ಹೇಳುತ್ತದೆ. ಸರಕಾರದ ಕೈಯಲ್ಲೇ ಎಲ್ಲವೂ ಇದ್ದಾಗ ಒಬ್ಬ ಸಚಿವರ ಅಭಿರುಚಿ ಕೋಟ್ಯಂತರ ಜನರ ಕಿವಿಗೆ ಬಾಗಿಲು ಹಾಕಿತು. ಹೊರಗಿನ ಸ್ಪರ್ಧೆ ಅದನ್ನು ತೆರೆಸಿತು. ಎಲ್ಲವೂ ಮಾರುಕಟ್ಟೆಯ ಕೈಗೆ ಹೋದಾಗ ಬಾಗಿಲು ತೆರೆದೇ ಇತ್ತು, ಆದರೆ ಒಳಗೆ ಬರುವ ಅವಕಾಶ ಕೆಲವೇ ಹಾಡುಗಳಿಗಿತ್ತು. ಸಾರ್ವಜನಿಕ ಹಣದಿಂದ ನಡೆಯುವ, ಕೇಳುಗರ ಸಂಖ್ಯೆಯೊಂದನ್ನೇ ನೋಡದ, ಆದರೆ ಕೇಳುಗರ ಮಾತಿಗೆ ಕಿವಿಗೊಡುವ ಪ್ರಸಾರವೊಂದು ಇರಲೇಬೇಕು ಎಂಬುದು ಇದರ ಸಾರ.

ರಾಮನಗರದಂಥ ಊರಿಗೆ ಇದು ಬರೀ ರಂಜನೆಯ ಪ್ರಶ್ನೆಯಲ್ಲ. ಎಫ್.ಎಂ. ಅಲೆ ಬಹುಮಟ್ಟಿಗೆ ನೇರ ದಾರಿಯಲ್ಲಿ ಸಾಗುವಂಥದ್ದು. ಗುಡ್ಡ ಅಡ್ಡ ಬಂದರೆ ಸೊರಗುತ್ತದೆ. ನಗರಕ್ಕೆಂದು ಹಾಡುವ ಕೇಂದ್ರ ಘಟ್ಟದ ಜನರನ್ನು ಗಮನದಲ್ಲಿಟ್ಟುಕೊಂಡಿರುವುದಿಲ್ಲ. ಮೊಬೈಲಿನಲ್ಲಿ ಜಗತ್ತಿನ ಎಲ್ಲ ಹಾಡೂ ಸಿಗುತ್ತದೆ ನಿಜ, ಆದರೆ ಹೆಸರು ಗೊತ್ತಿದ್ದವನಿಗೆ ಮಾತ್ರ ಸಿಗುತ್ತದೆ. ಅಮೀರ್‌ಬಾಯಿಯ ಹೆಸರನ್ನೇ ಕೇಳದ ಹುಡುಗಿ ಅವರನ್ನು ಹುಡುಕುವುದು ಹೇಗೆ? ಕೇಳಬೇಕೆಂದು ಗೊತ್ತಿಲ್ಲದ್ದನ್ನು ಕೇಳಿಸುವುದೇ ರೇಡಿಯೋದ ದೊಡ್ಡ ಗುಣವಾಗಿತ್ತು.

ಧಾರವಾಡ, ಕಾರವಾರ, ಪಣಜಿಯ ಆಕಾಶವಾಣಿ ಕೇಂದ್ರಗಳು ಮತ್ತು ವಿವಿಧ ಭಾರತಿ ಈ ಕೆಲಸವನ್ನು ಇನ್ನೂ ಮಾಡಬಲ್ಲವು. ಈ ಗಡಿಸೀಮೆಯ ಹಳೆಯ ಕನ್ನಡ ಚಿತ್ರಗೀತೆ, ಮರಾಠಿ ನಾಟ್ಯಗೀತೆ, ಕೊಂಕಣಿ ಹಾಡು, ಹಿಂದೂಸ್ತಾನಿ ಚಿತ್ರಗೀತೆಗಳನ್ನು ಒಂದೇ ಅರ್ಧ ಗಂಟೆಯಲ್ಲಿ, ಹಾಡಿದವರ ಮತ್ತು ಬರೆದವರ ಹೆಸರು ಹೇಳಿ ಕೇಳಿಸುವುದಕ್ಕೆ ದೊಡ್ಡ ಬಂಡವಾಳ ಬೇಡ. ತಟ್ಟೆಗಳನ್ನು ಕಾಪಾಡುವ ಶ್ರದ್ಧೆ ಬೇಕು, ಹೆಸರುಗಳನ್ನು ಬಲ್ಲ ಉದ್ಘೋಷಕರು ಬೇಕು. ಅದಕ್ಕೂ ಮೊದಲು, ಬೇಕೆಂದು ಪತ್ರ ಬರೆಯುವ ಕೇಳುಗರು ಬೇಕು. 1950ರ ದಶಕದಲ್ಲಿ ದೆಹಲಿಯ ಮನಸ್ಸನ್ನು ಬದಲಿಸಿದ್ದು ಹಾಡನ್ನು ಬಿಟ್ಟುಕೊಡದ ಅಂಥ ಕೇಳುಗರೇ.